ಐಷಾರಾಮಿ ಸೆಡಾನ್‌ನ ಲುಕ್ಕು, ಸಸ್ಪೆನ್ಷನ್ ಬದಲಾಯಿಸುವ ಮುಂಚೆ: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನದು 2014ರ ಬಿಎಂಡಬ್ಲ್ಯೂ 520ಡಿ, ಎಫ್10 ಅನ್ನುವ ತಲೆಮಾರಿನದು. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಮನೆ ಮೈಸೂರಿನ ಕುವೆಂಪುನಗರದಲ್ಲಿ, ಊರು ಪಾಂಡವಪುರದ ಕಡೆ. ವಾರಕ್ಕೊಂದು ಸಲ ಊರಿಗೆ ಹೋಗಿ ಬರುತ್ತೇನೆ, ತಿಂಗಳಿಗೆ ಎರಡು ಮೂರು ಸಲ ಬೆಂಗಳೂರು. ಕಾರನ್ನು ಸ್ವಲ್ಪ ಇಳಿಸಿದ್ದೇನೆ, ರಿಮ್ ಬದಲಾಯಿಸಿದ್ದೇನೆ, ಕ್ರೋಮ್ ಇದ್ದ ಕಡೆ ಕಪ್ಪು ಮಾಡಿಸಿದ್ದೇನೆ. ಪೆಟ್ರೋಲ್ ಬಂಕಿನಲ್ಲಿ, ಛತ್ರದ ಪಾರ್ಕಿಂಗಿನಲ್ಲಿ, ವಾಟ್ಸಾಪಿನಲ್ಲಿ ಇದರ ಬಗ್ಗೆ ಅವೇ ಪ್ರಶ್ನೆಗಳು ಬರುತ್ತಲೇ ಇರುತ್ತವೆ. ಹತ್ತು ವರ್ಷ ಹಳೆಯ ಬೆಂಜ್, ಆಡಿ, ಬಿಎಂಡಬ್ಲ್ಯೂ ಈಗ ಕೈಗೆಟುಕುವ ಬೆಲೆಗೆ ಸಿಗುತ್ತವೆ, ಹಾಗಾಗಿ ಮೈಸೂರು ಮಂಡ್ಯದ ಕಡೆ ನಮ್ಮ ಹುಡುಗರು ಖುಷಿಯಿಂದ ತಗೊಳ್ಳುತ್ತಿದ್ದಾರೆ, ತಗೊಂಡ ಮೊದಲ ತಿಂಗಳಲ್ಲೇ ದುಡ್ಡನ್ನು ತಪ್ಪು ಜಾಗಕ್ಕೆ ಸುರಿದುಬಿಡುತ್ತಾರೆ. ನಾನೂ ಸುರಿದಿದ್ದೆ. ಅದಕ್ಕೇ ಇದನ್ನೆಲ್ಲ ಒಂದು ಕಡೆ ಬರೆದಿಡುತ್ತಿದ್ದೇನೆ.

ಅಣ್ಣ, ಕಾರು ಈಗಷ್ಟೇ ತಗೊಂಡೆ. ಮೊದಲು ರಿಮ್ ಹಾಕಿಸಲಾ, ಇಳಿಸಲಾ?

ಎರಡೂ ಬೇಡ. ಮೊದಲು ಲಿಫ್ಟ್ ಮೇಲೆ ಎತ್ತಿಸಿ, ಕೆಳಗೆ ನಿಂತು ನೀವೇ ಟಾರ್ಚ್ ಹಿಡಿದು ನೋಡಿ.

ನಾನು ಕಾರು ತಂದ ಮೂರನೇ ವಾರಕ್ಕೇ 35 ಮಿ.ಮೀ. ಇಳಿಸುವ ಸ್ಪ್ರಿಂಗ್ ಹಾಕಿಸಿದೆ. ನಿಲ್ಲಿಸಿದಾಗ ನೋಡೋಕೆ ಚೆಂದ. ಆದರೆ ರಿಂಗ್ ರಸ್ತೆಯಲ್ಲಿ ಸಣ್ಣ ಗುಂಡಿ ಸಿಕ್ಕರೂ ಮುಂದಿನ ಎಡಗಡೆಯಿಂದ ಟಕ್ ಟಕ್ ಅಂತ ಸದ್ದು. 100ರ ವೇಗದಲ್ಲಿ ಬ್ರೇಕ್ ಒತ್ತಿದರೆ ಸ್ಟೀರಿಂಗ್ ಕೈಯಲ್ಲೇ ನಡುಗುತ್ತಿತ್ತು. ಹಾಕಿಕೊಟ್ಟವರು ಹೊಸ ಸ್ಪ್ರಿಂಗ್ ಅಲ್ವಾ, ಸೆಟ್ ಆಗುತ್ತದೆ ಅಂದರು. ಎರಡು ತಿಂಗಳು ಕಾದೆ. ಸೆಟ್ ಆಗಲಿಲ್ಲ.

ಕೊನೆಗೆ ಇನ್ನೊಬ್ಬ ಮೆಕ್ಯಾನಿಕ್ ಕಾರು ಎತ್ತಿ ಮುಂದಿನ ಆರ್ಮ್‌ನ, ಅಂದರೆ ಚಕ್ರವನ್ನು ಕಾರಿನ ಮೈಗೆ ಹಿಡಿದಿಡುವ ತೋಳಿನ, ಬುಷ್ ತೋರಿಸಿದರು. ಈ ಕಾರುಗಳಲ್ಲಿ ಆ ಬುಷ್ ಬರೀ ರಬ್ಬರ್ ಅಲ್ಲ, ಒಳಗೆ ದ್ರವ ತುಂಬಿರುತ್ತದೆ, ಬ್ರೇಕ್ ಒತ್ತಿದಾಗ ಬರುವ ನಡುಕವನ್ನು ಅದು ನುಂಗಿಕೊಳ್ಳುತ್ತದೆ. ನನ್ನದರಲ್ಲಿ ರಬ್ಬರ್ ಸೀಳಿ, ದ್ರವ ಸೋರಿ, ಆರ್ಮ್ ಮೇಲೆ ಕಪ್ಪಗೆ ಜಿಡ್ಡು ಹರಿದು ಅದರ ಮೇಲೆ ಧೂಳು ಮೆತ್ತಿಕೊಂಡಿತ್ತು. ಬೆರಳು ಇಟ್ಟರೆ ಸೀಳಿನೊಳಗೆ ಉಗುರು ಹೋಗುತ್ತಿತ್ತು. ಆ ಸೀಳು ನಾನು ಕಾರು ತಗೊಳ್ಳುವಾಗಲೇ ಇದ್ದಿರಬೇಕು. ನಾನು ನೋಡಿರಲಿಲ್ಲ, ಅಷ್ಟೇ. ಎಲ್ಲ ಬಿಚ್ಚಿ, ಬುಷ್ ಹಾಕಿ, ಮತ್ತೆ ಅಲೈನ್ಮೆಂಟ್ ಮಾಡಿಸಿ, ಒಂದೇ ಕೂಲಿಯನ್ನು ಎರಡು ಸಲ ಕೊಟ್ಟೆ.

ಹಾಗಾಗಿ ಮೊದಲು ನೋಡಬೇಕಾದ್ದು ಇವು: ಮುಂದಿನ ಆರ್ಮ್‌ಗಳ ಬುಷ್, ಬಾಲ್ ಜಾಯಿಂಟ್, ಸ್ಟೆಬಿಲೈಸರ್ ಲಿಂಕ್, ಶಾಕ್ ಅಬ್ಸಾರ್ಬರ್‌ನಿಂದ ಎಣ್ಣೆ ಸೋರಿದೆಯಾ, ಮೇಲಿನ ಮೌಂಟ್ ಸತ್ತಿದೆಯಾ, ಬಂಪ್ ಸ್ಟಾಪ್ (ಶಾಕ್ ತೀರಾ ಒಳಗೆ ಕೂರದ ಹಾಗೆ ತಡೆಯುವ ತುಂಡು) ಪುಡಿಯಾಗಿದೆಯಾ. ಇವೆಲ್ಲ ಸರಿ ಮಾಡಿಸಿದ ಮೇಲೆ ಒಂದು ತಿಂಗಳು ಸುಮ್ನೆ ಓಡಿಸಿ. ಕಂಪನಿಯವರು ಮಾಡಿದ ಕಾರು ನಿಜವಾಗಿ ಹೇಗೆ ಓಡುತ್ತದೆ ಅಂತ ಆಗಲೇ ಗೊತ್ತಾಗುವುದು. ನನಗೆ ಗೊತ್ತಿರುವ ಇಬ್ಬರು ಅಷ್ಟಕ್ಕೇ ತೃಪ್ತರಾಗಿ, ಇಳಿಸುವ ಯೋಚನೆಯನ್ನೇ ಬಿಟ್ಟರು.

ನಮ್ಮ ರಸ್ತೆಗೆ ಎಷ್ಟು ಇಳಿಸಬಹುದು?

ಇದಕ್ಕೆ ಎಲ್ಲರಿಗೂ ಹೊಂದುವ ಒಂದು ಉತ್ತರ ಇಲ್ಲ. ನಿಮ್ಮ ಕಾರು, ನಿಮ್ಮ ದಾರಿ, ನಿಮ್ಮ ಮನೆ ಜನ, ಈ ಮೂರರ ಮೇಲೆ ಹೋಗುತ್ತದೆ. ಅಳತೆ ಮಾಡುವ ದಾರಿ ಒಂದು ಹೇಳುತ್ತೇನೆ.

ಮೊದಲು ಹಂಪಿನ ಲೆಕ್ಕ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪಿನ ಎತ್ತರ 10 ಸೆಂ.ಮೀ., ಅಗಲ 3.7 ಮೀಟರ್. ಎಫ್10ನ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ 2968 ಮಿ.ಮೀ., ಅಂದರೆ ಮೂರು ಮೀಟರಿಗೆ ಸ್ವಲ್ಪ ಕಡಿಮೆ. ಅಳತೆ ಪ್ರಕಾರ ಮಾಡಿದ ಹಂಪಿನ ಮೇಲೆ ನಾಲ್ಕೂ ಚಕ್ರ ಹತ್ತಿ ನಿಲ್ಲುವಷ್ಟು ಜಾಗ ಇದೆ, ಕಾರು ಹಂಪಿನ ಜೊತೆಯಲ್ಲೇ ಏರಿ ಇಳಿಯುತ್ತದೆ, ಹೊಟ್ಟೆ ತಾಗುವುದಿಲ್ಲ. ತೊಂದರೆ ಇರುವುದು ನಮ್ಮ ಹಳ್ಳಿ ದಾರಿಯ ಹಂಪುಗಳಲ್ಲಿ. ತೆಂಗಿನ ಮರದ ಬೊಡ್ಡೆಯನ್ನು ರಸ್ತೆಗೆ ಅಡ್ಡ ಹೂತಿಟ್ಟ ಹಾಗೆ ಇರುತ್ತವೆ, ಒಂದೂವರೆ ಎರಡು ಅಡಿ ಅಗಲ, ಅಷ್ಟೇ. ಮುಂದಿನ ಚಕ್ರ ಇಳಿದು ಹಿಂದಿನ ಚಕ್ರ ಇನ್ನೂ ಹತ್ತದೇ ಇರುವಾಗ ಹಂಪು ನೇರವಾಗಿ ಕಾರಿನ ಹೊಟ್ಟೆಯ ಕೆಳಗೆ ಇರುತ್ತದೆ. ಆಗ ಲೆಕ್ಕಕ್ಕೆ ಬರುವುದು ಹಂಪಿನ ಎತ್ತರ ಎಷ್ಟು, ಹೊಟ್ಟೆಯ ಎತ್ತರ ಎಷ್ಟು, ಎರಡೇ. ಎಫ್10ದು ಕಂಪನಿ ಲೆಕ್ಕದಲ್ಲಿ 141 ಮಿ.ಮೀ. ಐದು ಜನ ಕೂತರೆ ಅದೂ ಉಳಿಯಲ್ಲ. ಚಕ್ರದ ಅಂತರ ಜಾಸ್ತಿ ಇರುವ ಉದ್ದದ ಕಾರುಗಳಿಗೆ, 2017ರಿಂದ ಇಲ್ಲಿ ಬಂದ ಲಾಂಗ್ ವೀಲ್‌ಬೇಸ್ ಇ ಕ್ಲಾಸ್ ತರದವಕ್ಕೆ, ಈ ತೊಂದರೆ ಇನ್ನೂ ಜಾಸ್ತಿ.

ಈಗ ಅಳತೆ. ಸ್ಟೇಷನರಿ ಅಂಗಡಿಯಲ್ಲಿ 25 ಮಿ.ಮೀ. ದಪ್ಪದ ಥರ್ಮೋಕೋಲ್ ಹಾಳೆ ತಗೊಳ್ಳಿ. ಅಂಗೈ ಅಗಲದ ಮೂರು ತುಂಡು ಕತ್ತರಿಸಿ. ಒಂದನ್ನು ಮುಂದಿನ ಬಂಪರಿನ ಹಿಂದೆ ಕೆಳಗೆ, ಎರಡನ್ನು ಹೊಟ್ಟೆಯ ನಡುವೆ ಎಡಕ್ಕೊಂದು ಬಲಕ್ಕೊಂದು, ಪ್ಲಾಸ್ಟಿಕ್ ಮುಚ್ಚಳ ಇರುವ ಜಾಗ ನೋಡಿ ಗಟ್ಟಿ ಟೇಪಿನಲ್ಲಿ ಅಂಟಿಸಿ. ಸೈಲೆನ್ಸರ್ ಪೈಪಿನ ಹತ್ತಿರ ಮಾತ್ರ ಬೇಡವೇ ಬೇಡ, ಬಿಸಿಗೆ ಕರಗಿ ಹೊತ್ತಿಕೊಳ್ಳುತ್ತದೆ. ಈಗ ನಿಮ್ಮ ಕಾರು 25 ಮಿ.ಮೀ. ಇಳಿಸಿದ ಕಾರಿನಷ್ಟೇ ಕೆಳಗಿದೆ. ಒಂದು ವಾರ ನೀವು ಹೋಗುವ ದಾರಿಯಲ್ಲೆಲ್ಲ ಹೋಗಿ, ಮನೆಯವರನ್ನೆಲ್ಲ ಕೂರಿಸಿಕೊಂಡು ಹೋಗಿ.

ಆ 35 ಮಿ.ಮೀ. ಸ್ಪ್ರಿಂಗ್ ತೆಗೆದು ಕಂಪನಿಯದ್ದೇ ಹಾಕಿಸಿದ ಮೇಲೆ ನಾನೂ ಹೀಗೇ ನೋಡಿದೆ. ಮೈಸೂರಿನ ಒಳಗೆ ಐದು ದಿನ ಓಡಿಸಿದರೂ ನನ್ನ ಮೂರು ತುಂಡಿಗೂ ಏನೂ ಆಗಲಿಲ್ಲ. ಶನಿವಾರ ಅಮ್ಮ, ಅಕ್ಕ, ಅಕ್ಕನ ಇಬ್ಬರು ಮಕ್ಕಳು ಹತ್ತಿದರು. ಊರಿಗೆ ಮುಂಚೆ ಶಾಲೆ ಎದುರಿನ ಹಂಪಿನ ಮೇಲೆ ಕರ್ರ್ ಅಂತ ಸದ್ದು ಬಂತು. ಇಳಿದು ನೋಡಿದರೆ ಹಂಪಿನ ನೆತ್ತಿಯ ಮೇಲೆ ಬಿಳಿ ಪುಡಿ, ಮಂಡಕ್ಕಿ ಚೆಲ್ಲಿದ ಹಾಗೆ. ಬಲಗಡೆಯ ತುಂಡು ಸವೆದು ಅರ್ಧಕ್ಕೆ ಬಂದಿತ್ತು. ಸ್ಕೇಲ್ ಇಟ್ಟು ನೋಡಿದೆ, 13 ಮಿ.ಮೀ. ಉಳಿದಿತ್ತು. ತುಂಬಿದ ಕಾರಿಗೆ ಆ ದಾರಿಯಲ್ಲಿ ಅಷ್ಟೇ ಅವಕಾಶ. ಹೊಸ ಸ್ಪ್ರಿಂಗ್ ಸ್ವಲ್ಪ ಗಟ್ಟಿ ಇರುವುದರಿಂದ ಭಾರಕ್ಕೆ ಕಡಿಮೆ ಕೂರುತ್ತದೆ ಅಂತ ಲೆಕ್ಕ ಹಾಕಿ 15 ಮಿ.ಮೀ.ಗೆ ನಿಲ್ಲಿಸಿದೆ. ಇವತ್ತಿಗೂ ಆ ಹಂಪನ್ನು ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ದಾಟುತ್ತೇನೆ. ತಾಗಿಲ್ಲ.

ಇನ್ನೊಂದು ಮಾತು. ಎತ್ತರ ಅಳೆಯುವಾಗ ನೆಲದಿಂದ ಮಡ್‌ಗಾರ್ಡ್ ಅಂಚಿನವರೆಗೆ ಅಳೆಯಬೇಡಿ, ಟೈರ್ ಬದಲಾದರೆ ಲೆಕ್ಕ ತಪ್ಪುತ್ತದೆ. ಚಕ್ರದ ನಡುಮಧ್ಯದಿಂದ ಅಂಚಿನವರೆಗೆ ಅಳೆಯಿರಿ. ನಾಲ್ಕೂ ಕಡೆ ಬರೆದಿಟ್ಟುಕೊಳ್ಳಿ.

ಸ್ಪ್ರಿಂಗ್ ಕಟ್ ಮಾಡಿಸಿದರೆ ಸಾಕು ಅಂತಾರಲ್ಲ, ಖರ್ಚೂ ಕಡಿಮೆ?

ದಯವಿಟ್ಟು ಮಾಡಿಸಬೇಡಿ. ಸ್ಪ್ರಿಂಗಿನ ಕೊನೆಯ ಸುತ್ತು ಕೂರುವ ಜಾಗಕ್ಕೆ ತಕ್ಕ ಹಾಗೆ ಮಾಡಿರುತ್ತಾರೆ, ಕತ್ತರಿಸಿದರೆ ಸರಿಯಾಗಿ ಕೂರುವುದಿಲ್ಲ. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಗಟ್ಟಿಯಾಗುತ್ತದೆ, ಶಾಕ್ ಅಬ್ಸಾರ್ಬರ್ ಮಾತ್ರ ಹಳೆಯ ಲೆಕ್ಕದ್ದೇ, ಅದಕ್ಕೆ ತಡೆಯೋಕೆ ಆಗದೆ ಕಾರು ಕುಣಿಯುತ್ತದೆ. ಚಕ್ರ ಗುಂಡಿಗೆ ಪೂರ್ತಿ ಇಳಿದಾಗ ಗಿಡ್ಡ ಸ್ಪ್ರಿಂಗ್ ಸಡಿಲವಾಗಿ ಜಾಗ ಬಿಟ್ಟು ಸರಿಯಲೂಬಹುದು. ಗ್ಯಾಸ್ ಕಟ್ಟರಿನಲ್ಲಿ ಕತ್ತರಿಸಿದರಂತೂ ಬಿಸಿಗೆ ಉಕ್ಕಿನ ಹದವೇ ಕೆಡುತ್ತದೆ. ಆ ಕಾರಿನಲ್ಲಿ ಕೂರುವುದು ನಮ್ಮ ಮನೆಯವರೇ.

ಲೋವರಿಂಗ್ ಸ್ಪ್ರಿಂಗ್, ಕಾಯ್ಲೋವರ್, ಏರ್, ಯಾವುದು ಒಳ್ಳೆಯದು?

ಲೋವರಿಂಗ್ ಸ್ಪ್ರಿಂಗ್ ಅಂದರೆ ಗಿಡ್ಡ ಮತ್ತು ಸ್ವಲ್ಪ ಗಟ್ಟಿ ಸ್ಪ್ರಿಂಗ್, ಶಾಕ್ ಹಳೆಯದೇ. 20ರಿಂದ 40 ಮಿ.ಮೀ. ಇಳಿಸುವಂಥವು ಸಾಮಾನ್ಯವಾಗಿ ಸಿಗುತ್ತವೆ. ಖರ್ಚು ಕಡಿಮೆ, ಆದರೆ ಎಷ್ಟು ಇಳಿಯಿತೋ ಅಷ್ಟೇ, ಆಮೇಲೆ ಬದಲಾಯಿಸೋಕೆ ಆಗಲ್ಲ. ಲಕ್ಷ ಕಿ.ಮೀ. ಓಡಿದ ಶಾಕ್ ಮೇಲೆ ಇದನ್ನು ಹಾಕಿಸಿದರೆ ಶಾಕ್ ಬೇಗ ಸಾಯುತ್ತದೆ.

ಕಾಯ್ಲೋವರ್‌ನಲ್ಲಿ ಶಾಕ್, ಸ್ಪ್ರಿಂಗ್ ಎರಡೂ ಜೋಡಿಯಾಗಿ ಬರುತ್ತವೆ, ಮೈಮೇಲೆ ಬೋಲ್ಟಿನಲ್ಲಿರುವ ಹಾಗೆ ಮರೆ (ಥ್ರೆಡ್) ಇರುತ್ತದೆ, ತಿರುಗಿಸಿ ಎತ್ತರ ಹೊಂದಿಸಬಹುದು. ನಾನು ಈಗ ಓಡಿಸುತ್ತಿರುವುದು ಇದೇ. ನನ್ನ ಮಟ್ಟಿಗೆ ನಮ್ಮ ಕಡೆಗೆ ಇದು ಸರಿ, ಯಾಕೆಂದರೆ 15 ಮಿ.ಮೀ. ಬೇಕು ಅಂದರೆ 15ಕ್ಕೇ ನಿಲ್ಲಿಸಬಹುದು. ಆದರೆ ಮರೆಯೊಳಗೆ ಕೆಸರು ಒಣಗಿ ಕಚ್ಚಿಕೊಳ್ಳುತ್ತದೆ. ಮಳೆಗಾಲ ಮುಗಿದ ಮೇಲೆ ಬ್ರಷ್ಷಿನಲ್ಲಿ ಉಜ್ಜಿ, ನೀರು ಹೊಡೆದು, ಒಣಗಿಸಬೇಕು. ಆಯುಧ ಪೂಜೆಗೆ ಹೇಗೂ ಕಾರು ತೊಳೆಯುತ್ತೀರಲ್ಲ, ಆಗಲೇ ಚಕ್ರ ಬಿಚ್ಚಿ ಇದನ್ನೂ ಮುಗಿಸಿ.

ಒಂದು ಎಚ್ಚರಿಕೆ. ನಿಮ್ಮ ಕಾರಿನ ಶಾಕ್‌ಗೆ ವೈರ್ ಹೋಗಿದ್ದರೆ, ಅಂದರೆ ಕಂಫರ್ಟ್, ಸ್ಪೋರ್ಟ್ ಅಂತ ಬಟನ್ ಒತ್ತಿದಾಗ ಶಾಕ್ ಗಟ್ಟಿ ಮೆತ್ತಗೆ ಆಗುವಂಥದ್ದಿದ್ದರೆ, ಮಾಮೂಲಿ ಕಾಯ್ಲೋವರ್ ಹಾಕಿದ ಕೂಡಲೇ ಮೀಟರಿನಲ್ಲಿ ವಾರ್ನಿಂಗ್ ಬರುತ್ತದೆ. ಅದಕ್ಕೆ ಬೇರೆ ಮಾಡ್ಯೂಲ್ ಹಾಕಬೇಕು ಇಲ್ಲವೇ ಕೋಡಿಂಗ್ ಮಾಡಿಸಬೇಕು. ಅಂಥ ಕಾರಿಗೆ ವೈರ್ ಇರುವ ಶಾಕ್ ಉಳಿಸಿಕೊಂಡು ಸ್ಪ್ರಿಂಗ್ ಮಾತ್ರ ಬದಲಾಯಿಸುವುದೇ ಮೇಲು.

ಹೊರಗಿನಿಂದ ಹಾಕಿಸುವ ಏರ್ ಕಿಟ್ ಬಗ್ಗೆ ನಾನು ಜಾಸ್ತಿ ಹೇಳಲ್ಲ. ನಿಲ್ಲಿಸಿದಾಗ ನೆಲಕ್ಕೆ ಕೂರಿಸಿ, ಹಂಪು ಬಂದಾಗ ಎತ್ತುವುದು ಚೆಂದವೇ. ಡಿಕ್ಕಿಯಲ್ಲಿ ಟ್ಯಾಂಕು, ಕಂಪ್ರೆಸರ್, ಪೈಪು, ವೈರಿಂಗ್ ಎಲ್ಲ ಬರುತ್ತದೆ. ಅದನ್ನು ನೀಟಾಗಿ ಮಾಡುವ ಕೈ ಸಿಕ್ಕರೆ ಮಾತ್ರ ಯೋಚಿಸಿ.

ನಂದು ಬೆಂಜ್, ಕಂಪನಿಯದ್ದೇ ಏರ್ ಸಸ್ಪೆನ್ಷನ್ ಇದೆ. ಬೆಳಿಗ್ಗೆ ನೋಡಿದರೆ ಒಂದು ಮೂಲೆ ಕೂತಿರುತ್ತದೆ. ತೆಗೆದು ಸ್ಪ್ರಿಂಗ್ ಹಾಕಿಸಿಬಿಡಲಾ?

ಅವಸರ ಮಾಡಬೇಡಿ. ಬೆಂಜ್ ಏರ್‌ಮ್ಯಾಟಿಕ್ ತಂದದ್ದು 1998ರ ಎಸ್ ಕ್ಲಾಸ್‌ನಲ್ಲಿ, ಮೂಲ ಕೆಲಸ ಇವತ್ತಿಗೂ ಅದೇ. ಉಕ್ಕಿನ ಸ್ಪ್ರಿಂಗ್ ಜಾಗದಲ್ಲಿ ಗಾಳಿ ತುಂಬಿದ ರಬ್ಬರ್ ಚೀಲ. ಒಂದು ಕಂಪ್ರೆಸರ್, ಗಾಳಿ ಹಂಚುವ ವಾಲ್ವ್ ಬ್ಲಾಕ್, ಕಾರಿನ ಎತ್ತರ ಅಳೆಯುವ ಸೆನ್ಸರ್‌ಗಳು, ಎಲ್ಲವನ್ನೂ ನೋಡಿಕೊಳ್ಳುವ ಕಂಪ್ಯೂಟರ್.

ರಾತ್ರಿ ಕೂರುತ್ತದೆ ಅಂದರೆ ಎಲ್ಲೋ ಸೋರುತ್ತಿದೆ. ಸೋಪು ನೀರು ಸಾಕು ಹುಡುಕೋಕೆ. ಚೀಲದ ಮಡಿಕೆ ಮೇಲೆ, ಪೈಪ್ ಸೇರುವ ಜಾಗದಲ್ಲಿ, ವಾಲ್ವ್ ಬ್ಲಾಕ್ ಮೇಲೆ ಹಚ್ಚಿ ನೋಡಿ. ಗುಳ್ಳೆ ಬಂದ ಕಡೆ ತೂತು. ಇಲ್ಲಿ ಬಹಳ ಜನ ಮಾಡುವ ತಪ್ಪು ಒಂದಿದೆ. ಸೋರಿಕೆ ಇದ್ದಾಗ ಕಂಪ್ರೆಸರ್ ಬಿಡುವಿಲ್ಲದೆ ಓಡಿ, ಬಿಸಿಯಾಗಿ, ಕೊನೆಗೆ ಸುಟ್ಟುಹೋಗುತ್ತದೆ. ಗ್ಯಾರೇಜಿನಲ್ಲಿ ಕಂಪ್ರೆಸರ್ ಹೋಗಿದೆ ಅಂತ ಹೊಸದು ಹಾಕಿ ಕಳಿಸುತ್ತಾರೆ. ಸೋರುವ ಚೀಲ ಹಾಗೇ ಇರುತ್ತದೆ, ಹೊಸ ಕಂಪ್ರೆಸರ್ ಕೂಡ ಅದೇ ದಾರಿ ಹಿಡಿಯುತ್ತದೆ. ಮೊದಲು ಸೋರಿಕೆ, ಆಮೇಲೆ ಕಂಪ್ರೆಸರ್. ಕಂಪ್ರೆಸರಿನ ರಿಲೇ ಕೂಡ ಅದರ ಜೊತೆಗೇ ಬದಲಾಯಿಸಿ, ಅದು ಒಳಗೆ ಅಂಟಿಕೊಂಡರೂ ಕಂಪ್ರೆಸರ್ ನಿಲ್ಲದೆ ಓಡುತ್ತದೆ.

ಏರ್ ಇರುವ ಕಾರನ್ನು ಇಳಿಸೋಕೆ ಸೆನ್ಸರ್‌ನ ಲಿಂಕ್ ರಾಡ್ ಉದ್ದ ಬದಲಾಯಿಸುತ್ತಾರೆ. ಕಾರು ಎತ್ತರದಲ್ಲಿದೆ ಅಂತ ಕಂಪ್ಯೂಟರಿಗೆ ಅನಿಸುವ ಹಾಗೆ ಮಾಡುವುದು, ಅದು ಗಾಳಿ ಬಿಟ್ಟು ಇಳಿಸುತ್ತದೆ. ಸುಲಭ, ಖರ್ಚೂ ಕಡಿಮೆ, ವಾಪಸ್ ಮಾಡೋಕೂ ಸುಲಭ. 10, 15 ಮಿ.ಮೀ.ಗಿಂತ ಜಾಸ್ತಿ ಬೇಡ, ಕುಣಿಯೋಕೆ ಜಾಗ ಉಳಿಯಲ್ಲ. ಮತ್ತೆ, ಪಂಕ್ಚರ್ ಅಂಗಡಿಯಲ್ಲಿ ಜಾಕ್ ಹಾಕುವ ಹುಡುಗನಿಗೆ ಇದು ಏರ್ ಅಂತ ನೀವೇ ಹೇಳಬೇಕು. ಗಾಳಿ ಹೋದ ಚೀಲದ ಮೇಲೆ ಕಾರಿನ ಭಾರ ಇಳಿದರೆ ರಬ್ಬರ್ ಮಡಿಕೆ ನಡುವೆ ಸಿಕ್ಕಿ ಹರಿಯುತ್ತದೆ.

ಇಳಿಸುವುದು ಬೇಡ, ನನಗೆ ಎತ್ತರ ಬೇಕು. ಪ್ಯಾಕಿಂಗ್ ಹಾಕಿಸಬಹುದಾ?

ಮಂಡ್ಯ ಕಡೆಯಿಂದ ಬರುವ ಪ್ರಶ್ನೆಗಳಲ್ಲಿ ಇದೇ ಜಾಸ್ತಿ, ನ್ಯಾಯವಾದ ಪ್ರಶ್ನೆ ಕೂಡ. ಸ್ಪ್ರಿಂಗಿನ ಸುತ್ತುಗಳ ನಡುವೆ ತುರುಕುವ ರಬ್ಬರ್ ಬಫರ್ ಬೇಡ. ಆ ಸುತ್ತು ಕೆಲಸ ಮಾಡೋದೇ ನಿಲ್ಲಿಸುತ್ತದೆ, ಭಾರ ಎಲ್ಲ ಉಳಿದ ಸುತ್ತುಗಳ ಮೇಲೆ ಬೀಳುತ್ತದೆ. ಬೆಂಜ್ ಹಳೆಯ ಮಾಡೆಲ್‌ಗಳಲ್ಲಿ ಒಂದು ಚೆಂದದ ಏರ್ಪಾಡು ಇದೆ. ಸ್ಪ್ರಿಂಗಿನ ಮೇಲೆ ಕೂರುವ ರಬ್ಬರ್ ಪ್ಯಾಡ್ ಬೇರೆ ಬೇರೆ ದಪ್ಪದಲ್ಲಿ ಕಂಪನಿಯಿಂದಲೇ ಬರುತ್ತವೆ. ಪ್ಯಾಡಿನ ಅಂಚಿನಲ್ಲಿ ಸಣ್ಣ ಗುಬುಟು ಇರುತ್ತವೆ, ಒಂದು, ಎರಡು, ಮೂರು, ನಾಲ್ಕು. ಗುಬುಟು ಜಾಸ್ತಿ ಇದ್ದಷ್ಟೂ ಪ್ಯಾಡ್ ದಪ್ಪ. 1995ರಲ್ಲಿ ಪುಣೆಯಲ್ಲಿ ಜೋಡಿಸೋಕೆ ಶುರು ಮಾಡಿದ ಡಬ್ಲ್ಯೂ124 ಇ ಕ್ಲಾಸ್ ಇನ್ನೂ ಇಟ್ಟುಕೊಂಡಿರುವವರು ಇದ್ದರೆ ಕೈ ಹಾಕಿ ತಡವಿ ನೋಡಿ, ಎಣಿಸಬಹುದು. ಹಳೆಯ ಪ್ಯಾಡ್ ಜಜ್ಜಿ ಹೋಗಿದ್ದರೆ ಹೊಸದು ಹಾಕಿದ ಮಾತ್ರಕ್ಕೇ ಕಾರು ಎದ್ದು ನಿಲ್ಲುತ್ತದೆ.

ಅಲೈನ್ಮೆಂಟ್ ಮಾಡಿಸಿದರೂ ಟೈರ್ ಒಳಗಡೆ ಸವೆಯುತ್ತಿದೆ, ಯಾಕೆ?

ಕಾರು ಇಳಿದಾಗ ಚಕ್ರದ ಮೇಲ್ಭಾಗ ಒಳಗೆ ವಾಲುತ್ತದೆ, ಜೊತೆಗೆ ಟೋ, ಅಂದರೆ ಮೇಲಿನಿಂದ ನೋಡಿದರೆ ಚಕ್ರದ ಮೂತಿ ಒಳಗೋ ಹೊರಗೋ ಎಷ್ಟು ತಿರುಗಿದೆ ಅನ್ನುವುದು, ಕೂಡ ಬದಲಾಗುತ್ತದೆ. ಟೈರ್ ತಿನ್ನುವುದು ಮುಖ್ಯವಾಗಿ ಟೋ. ಮುಂದಿನದಷ್ಟೇ ನೋಡಿ ಬಿಡುವ ಕಡೆ ಹೋಗಬೇಡಿ, ನಾಲ್ಕೂ ಚಕ್ರ ನೋಡಬೇಕು, ಪ್ರಿಂಟ್ ಕೇಳಿ ತಗೊಳ್ಳಿ.

ಇನ್ನೊಂದು ಕಾರಣ ಬಹಳ ಮೆಕ್ಯಾನಿಕ್‌ಗಳು ಮರೆಯುವಂಥದ್ದು. ಆರ್ಮ್‌ಗಳ ಬುಷ್ ಬೋಲ್ಟನ್ನು ಕಾರು ಲಿಫ್ಟ್ ಮೇಲೆ ನೇತಾಡುತ್ತಿರುವಾಗ ಪೂರ್ತಿ ಬಿಗಿ ಮಾಡಬಾರದು. ಹಾಗೆ ಮಾಡಿದರೆ ಕಾರು ನೆಲಕ್ಕೆ ಇಳಿದಾಗ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇರುತ್ತದೆ, ಕೆಲವೇ ತಿಂಗಳಲ್ಲಿ ಸೀಳುತ್ತದೆ, ಎತ್ತರವೂ ಸರಿ ಬರಲ್ಲ. ಚಕ್ರದ ಮೇಲೆ ಭಾರ ಬಿದ್ದ ಮೇಲೆ, ಕಾರು ನಿಲ್ಲುವ ಎತ್ತರದಲ್ಲೇ ಕೊನೆಯ ಬಿಗಿ ಕೊಡಬೇಕು. ಇದನ್ನು ಕೆಲಸಕ್ಕೆ ಬಿಡುವ ಮುಂಚೆಯೇ ಹೇಳಿ. "ಗೊತ್ತು ಸಾರ್" ಅಂದರೂ ಪಕ್ಕದಲ್ಲಿ ನಿಂತು ನೋಡಿ.

ಜೆನಾನ್ ಅಥವಾ ಎಲ್‌ಇಡಿ ಹೆಡ್‌ಲೈಟ್ ತಾನೇ ಮೇಲೆ ಕೆಳಗೆ ಹೊಂದಿಸಿಕೊಳ್ಳುವ ಕಾರಾದರೆ, ಆರ್ಮ್‌ಗೆ ಕಟ್ಟಿರುವ ಸೆನ್ಸರ್ ಕೂಡ ಇಳಿಸಿದ ಮೇಲೆ ಹೊಸದಾಗಿ ಸೆಟ್ ಆಗಬೇಕು. ಇಲ್ಲವಾದರೆ ಎದುರಿನವರ ಕಣ್ಣಿಗೆ ಹೊಡೆಯುತ್ತದೆ ಅಥವಾ ನಿಮ್ಮ ಮುಂದೆ ನಾಲ್ಕು ಮಾರು ಮಾತ್ರ ಕಾಣುತ್ತದೆ.

20 ಇಂಚಿನ ರಿಮ್ ಹಾಕಿದರೆ ಹೇಗೆ?

ಲೆಕ್ಕ ಮೊದಲು ನೋಡಿ. ಎಫ್10ಗೆ 17 ಇಂಚಿಗೆ 225/55 ಟೈರ್, ಅಂದರೆ ಅಗಲ 225 ಮಿ.ಮೀ., ಪಕ್ಕೆಯ ಎತ್ತರ ಅದರ 55%. ನೆಲದಿಂದ ನೆತ್ತಿವರೆಗಿನ ಅಳತೆ ಸುಮಾರು 679 ಮಿ.ಮೀ. 18ಕ್ಕೆ 245/45 ಹಾಕಿದರೆ 678, 19ಕ್ಕೆ 245/40 ಹಾಕಿದರೆ 679, 20ಕ್ಕೆ 245/35 ಹಾಕಿದರೆ 680ರ ಹತ್ತಿರ. ಹಾಗಾಗಿ ಸ್ಪೀಡೋಮೀಟರ್ ಕೆಡುವುದಿಲ್ಲ, ಕಾರೂ ಎತ್ತರ ಆಗುವುದಿಲ್ಲ. ಕಡಿಮೆಯಾಗುವುದು ರಿಮ್ ಮತ್ತು ರಸ್ತೆ ನಡುವಿನ ರಬ್ಬರ್. 17ರಲ್ಲಿ ಅದು 124 ಮಿ.ಮೀ., 18ರಲ್ಲಿ 110, 19ರಲ್ಲಿ 98, 20ರಲ್ಲಿ 86. ಮಳೆ ಬಂದು ನೀರು ತುಂಬಿದ ಗುಂಡಿ ಎಷ್ಟು ಆಳ ಅಂತ ಯಾರಿಗೂ ಕಾಣಲ್ಲ. ಆ 124ಕ್ಕೂ 86ಕ್ಕೂ ಇರುವ ವ್ಯತ್ಯಾಸವೇ ರಿಮ್ ಉಳಿಯುತ್ತದಾ ಸೀಳುತ್ತದಾ ಅನ್ನುವುದು. ನಾನು 18ಕ್ಕೆ ನಿಂತೆ. ಮಡ್‌ಗಾರ್ಡ್ ತುಂಬಿದ ಹಾಗೆ ಕಾಣುತ್ತದೆ, ಊರ ದಾರಿಯಲ್ಲೂ ಭಯ ಇಲ್ಲ. ಬರೀ ಬೆಂಗಳೂರು ಮೈಸೂರು ಹೋಗಿ ಬರುವವರಾದರೆ 19 ಪರವಾಗಿಲ್ಲ.

ಟೈರಿನ ಮೇಲಿರುವ ಲೋಡ್ ಇಂಡೆಕ್ಸ್ ನೋಡಿಯೇ ತಗೊಳ್ಳಿ. 97 ಅಂದರೆ ಒಂದು ಟೈರ್ 730 ಕೆ.ಜಿ. ಹೊರುತ್ತದೆ. ಇವು ಭಾರದ ಕಾರು, ಕಂಪನಿ ಹೇಳಿದ್ದಕ್ಕಿಂತ ಕೆಳಗೆ ಇಳಿಯಬಾರದು.

ಹೊಸ 5 ಸೀರೀಸ್‌ನ ರಿಮ್ ಹಳೆಯದಕ್ಕೆ ಕೂರುತ್ತದಾ?

ಇಲ್ಲ. ಎಫ್10ನಲ್ಲಿ ಐದು ಬೋಲ್ಟ್ 120 ಮಿ.ಮೀ. ವೃತ್ತದಲ್ಲಿ ಇರುತ್ತವೆ, ನಡುವಿನ ತೂತು 72.6. ಅದರ ನಂತರದ ತಲೆಮಾರು, 2017ರಲ್ಲಿ ಬಂದ ಜಿ30ಯಲ್ಲಿ 112 ಮತ್ತು 66.6. ಬೆಂಜ್, ಆಡಿ ಕೂಡ 112. ಅಡಾಪ್ಟರ್ ಹಾಕಿ ಕೂರಿಸಿ ಕೊಡುತ್ತೇನೆ ಅನ್ನುವವರಿದ್ದಾರೆ, ನಾನು ಒಪ್ಪಲ್ಲ. ಬೋಲ್ಟಿನ ತಲೆಯ ಕೆಳಗಿನ ಆಕಾರವೂ ಬೇರೆ: ಬಿಎಂಡಬ್ಲ್ಯೂದು ಕೋನ್, ಬೆಂಜ್ ಮತ್ತು ಆಡಿದು ಗುಂಡಗೆ. ತಪ್ಪು ಬೋಲ್ಟ್ ಬಿಗಿಯಾದ ಹಾಗೆ ಅನಿಸುತ್ತದೆ, ಓಡುತ್ತಾ ಓಡುತ್ತಾ ಸಡಿಲ ಆಗುತ್ತದೆ. ಹೊಸ ರಿಮ್ ಹಾಕಿದ ಮೇಲೆ 50, 100 ಕಿ.ಮೀ. ಓಡಿಸಿ ಟಾರ್ಕ್ ರೆಂಚಿನಲ್ಲಿ ಇನ್ನೊಮ್ಮೆ ನೋಡಿಸಿ.

ಬೆಂಡ್ ಆದ ರಿಮ್ ಸಣ್ಣದಾಗಿದ್ದರೆ ನೇರ ಮಾಡಿಸಬಹುದು. ಬಿರುಕು ಬಿಟ್ಟಿದ್ದನ್ನು ವೆಲ್ಡ್ ಮಾಡಿಸಿ ಎಕ್ಸ್‌ಪ್ರೆಸ್‌ವೇ ಹತ್ತಬೇಡಿ.

ರನ್ ಫ್ಲಾಟ್ ತೆಗೆದು ಮಾಮೂಲಿ ಟೈರ್ ಹಾಕಲಾ?

ಸವಾರಿ ತಕ್ಷಣ ಮೆತ್ತಗಾಗುತ್ತದೆ, ಅದು ನಿಜ. ಎಷ್ಟೋ ಜನಕ್ಕೆ ಸಸ್ಪೆನ್ಷನ್ ಕೆಟ್ಟಿದೆ ಅನಿಸೋದು ರನ್ ಫ್ಲಾಟ್‌ನ ಗಟ್ಟಿ ಪಕ್ಕೆಯಿಂದ. ಆದರೆ ರನ್ ಫ್ಲಾಟ್ ಪಂಕ್ಚರ್ ಆದರೂ 80ರ ವೇಗ ಮೀರದೆ ಸುಮಾರು 80 ಕಿ.ಮೀ. ಹೋಗಬಹುದು, ಅದಕ್ಕೇ ಬಹಳ ಬಿಎಂಡಬ್ಲ್ಯೂಗಳಲ್ಲಿ ಸ್ಟೆಪ್ನಿಯೇ ಇರಲ್ಲ. ಮಾಮೂಲಿ ಟೈರ್ ಹಾಕಿದರೆ ಸ್ಟೆಪ್ನಿ, ಜಾಕು, ಪಂಕ್ಚರ್ ಕಿಟ್, ಗಾಳಿ ಪಂಪು ಇಟ್ಟುಕೊಳ್ಳಲೇಬೇಕು. ರಾತ್ರಿ ಹನ್ನೊಂದಕ್ಕೆ ಮದ್ದೂರು ದಾಟಿದ ಮೇಲೆ ಎಕ್ಸ್‌ಪ್ರೆಸ್‌ವೇ ಬೇಲಿಯೊಳಗೆ ನಿಂತರೆ ಸಹಾಯಕ್ಕೆ ಬೈಕಿನವರೂ ಬರುವ ಹಾಗಿಲ್ಲ, 2023ರ ಆಗಸ್ಟ್‌ನಿಂದ ಅಲ್ಲಿ ಬೈಕು, ಆಟೋ, ಟ್ರ್ಯಾಕ್ಟರಿಗೆ ಪ್ರವೇಶ ಇಲ್ಲ.

ಬಂಪರ್, ಗ್ರಿಲ್ ಬದಲಾಯಿಸುವಾಗ ಏನು ನೋಡಬೇಕು?

ಯಾವುದರಿಂದ ಮಾಡಿದ್ದು ಅಂತ ನೋಡಿ. ಕಂಪನಿ ಬಂಪರ್ ಬಳುಕುವ ಪ್ಲಾಸ್ಟಿಕ್. ಫೈಬರ್‌ದು ಬಳುಕಲ್ಲ, ಒಡೆಯುತ್ತದೆ. ಗೆಳೆಯನೊಬ್ಬ ಆಡಿಗೆ ಫೈಬರ್ ಲಿಪ್ (ಬಂಪರಿನ ಕೆಳ ಅಂಚಿಗೆ ಕೂರಿಸುವ ಪಟ್ಟಿ) ಹಾಕಿಸಿದ್ದ. ಕಬ್ಬು ಕಡಿಯುವ ಕಾಲ, ಟ್ರ್ಯಾಕ್ಟರಿನಿಂದ ಬಿದ್ದ ಒಂದೇ ಒಂದು ಜಲ್ಲೆ ಮುಂದಿನ ಚಕ್ರಕ್ಕೆ ಸಿಕ್ಕಿ ಎದ್ದು ಹೊಡೆಯಿತು. ಲಿಪ್ ಎರಡು ತುಂಡು. ಮಂಡ್ಯದಲ್ಲಿ ಇರುವವರು ಇದನ್ನು ನೆನಪಿಡಿ.

ಪಾರ್ಕಿಂಗ್ ಸೆನ್ಸರ್ ಮೇಲೆ ದಪ್ಪ ಬಣ್ಣ ಹೊಡೆದರೆ ಸೆನ್ಸರ್ ಮಂದ ಆಗುತ್ತದೆ. ರಾಡಾರ್ ಇರುವ ಬೆಂಜ್‌ಗಳಲ್ಲಿ ಗ್ರಿಲ್ ನಡುವಿನ ನಕ್ಷತ್ರ ಬರೀ ಅಲಂಕಾರ ಅಲ್ಲ, ಅದು ರಾಡಾರ್ ಅಲೆ ದಾಟಿ ಹೋಗುವ ಹಾಗೆ ಮಾಡಿದ ನುಣುಪಾದ ಫಲಕ. ಉದ್ದುದ್ದ ಪಟ್ಟಿಯ ಸ್ಪೋರ್ಟ್ ಗ್ರಿಲ್ ಹಾಕಿ ಅದರಲ್ಲಿ ಮಾಮೂಲಿ ನಕ್ಷತ್ರ ಕೂರಿಸಿದರೆ ತಾನೇ ಬ್ರೇಕ್ ಹಾಕುವ ವ್ಯವಸ್ಥೆ ಕುರುಡಾಗುತ್ತದೆ.

ಸೀಟ್ ಕವರ್ ಕೂಡ ಇದೇ ಲೆಕ್ಕ. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಅಂತ ಬರೆದಿದ್ದರೆ ಆ ಜಾಗವನ್ನು ಹೊಲಿದು ಮುಚ್ಚಬಾರದು.

ಬಣ್ಣ ಬದಲಾಯಿಸೋದಾ, ವ್ರಾಪ್ ಮಾಡಿಸೋದಾ, ಪಿಪಿಎಫ್ ಹಾಕಿಸೋದಾ?

ಮೂಲ ಬಣ್ಣ ಚೆನ್ನಾಗಿದ್ದರೆ ಮುಟ್ಟಬೇಡಿ. ಬಾನೆಟ್ಟಿಗೆ, ಮುಂದಿನ ಬಂಪರಿಗೆ, ಕನ್ನಡಿಗೆ ಪಿಪಿಎಫ್, ಅಂದರೆ ಬಣ್ಣ ಕಾಯುವ ಪಾರದರ್ಶಕ ಫಿಲ್ಮ್, ಹಾಕಿಸಿ, ಹೈವೇಯಲ್ಲಿ ಸಿಡಿಯುವ ಕಲ್ಲಿಗೆ ಅದೊಂದೇ ತಡೆ. ಸೆರಾಮಿಕ್ ಕೋಟಿಂಗ್ ಹೊಳಪು ಕೊಡುತ್ತದೆ, ತೊಳೆಯೋಕೆ ಸುಲಭ, ಕಲ್ಲನ್ನು ತಡೆಯಲ್ಲ. ವ್ರಾಪ್, ಅಂದರೆ ಪೇಂಟ್ ಮೇಲೆ ಅಂಟಿಸುವ ಬಣ್ಣದ ಹಾಳೆ, ಮಾಡಿಸುವ ಮುಂಚೆ ಯಾವ ಬಾಗಿಲಿಗೆ ಹಿಂದೆ ಪೇಂಟ್ ಆಗಿದೆ ಅಂತ ಪೇಂಟಿನ ದಪ್ಪ ಅಳೆಯುವ ಗೇಜ್ ಇಟ್ಟು ನೋಡಿಸಿ. ಸರಿಯಾಗಿ ಕಚ್ಚಿಕೊಳ್ಳದ ಪೇಂಟ್ ಆಗಿದ್ದರೆ ವ್ರಾಪ್ ತೆಗೆಯುವಾಗ ಸಿಪ್ಪೆ ಹಾಗೆ ಅದರ ಜೊತೆಗೇ ಬರುತ್ತದೆ. ಕ್ರೋಮ್ ಮಾತ್ರ ಕಪ್ಪು ಮಾಡಿಸಿ ನೋಡಿ, ಅಷ್ಟಕ್ಕೇ ಕಾರಿನ ಮುಖವೇ ಬದಲಾಗುತ್ತದೆ.

ಪೊಲೀಸರು, ಆರ್‌ಟಿಓ ತೊಂದರೆ ಕೊಡಲ್ವಾ?

ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿ ಇರುವುದಕ್ಕೂ ಹೊಂದದ ಹಾಗೆ ಗಾಡಿ ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷ ಬಂದ ತಿದ್ದುಪಡಿಯಲ್ಲಿ, 182ಎ ಸೆಕ್ಷನ್‌ನ ಪ್ರಕಾರ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಬಣ್ಣ ಆರ್‌ಸಿಯಲ್ಲೇ ಬರೆದಿರುತ್ತದೆ, ಹಾಗಾಗಿ ಇಡೀ ಕಾರಿನ ಬಣ್ಣ ಬದಲಾಯಿಸುವುದಾದರೆ ಮೊದಲು ನಿಮ್ಮ ಆರ್‌ಟಿಓಗೆ ಹೋಗಿ ಕೇಳಿ, ಕೆಎ 09 ಆಗಲಿ, 55 ಆಗಲಿ, ಮಂಡ್ಯದ 11 ಆಗಲಿ. ಸಸ್ಪೆನ್ಷನ್ ವಿಷಯದಲ್ಲೂ ಈ ಕಾನೂನು ಇದ್ದೇ ಇದೆ. ನಾನು ಹೋಗಿ ವಿಚಾರಿಸಿಯೇ ಮಾಡಿಸಿದ್ದು, ನೀವೂ ಹಾಗೇ ಮಾಡಿ. ಕಿವಿ ಕಿವುಡಾಗುವ ಸೈಲೆನ್ಸರ್ ಬೇಡವೇ ಬೇಡ, ನಿಮ್ಮ ಬೀದಿಯಲ್ಲೂ ಮಕ್ಕಳು, ವಯಸ್ಸಾದವರು ಮಲಗಿರುತ್ತಾರೆ.

ಗಾಜಿನ ವಿಷಯ: ಮುಂದೆ ಹಿಂದೆ ಕನಿಷ್ಠ 70%, ಪಕ್ಕದಲ್ಲಿ 50% ಬೆಳಕು ದಾಟಬೇಕು. ನಾನು ಫಿಲ್ಮ್ ಹಾಕಿಸಿಲ್ಲ. ಹಿಂದಿನ ಬಾಗಿಲಿನ ಪರದೆ ಸಾಕಾಗಿದೆ.

ಇನ್ಶೂರೆನ್ಸ್ ಕಂಪನಿಗೆ ಏನೇನು ಹಾಕಿಸಿದ್ದೀರಿ ಅಂತ ಬರೆದು ತಿಳಿಸಿ, ಬಿಲ್ ಇಟ್ಟುಕೊಳ್ಳಿ. ಪ್ರೀಮಿಯಂ ಸ್ವಲ್ಪ ಜಾಸ್ತಿ ಆಗಬಹುದು. ಮುಚ್ಚಿಟ್ಟು ಆಮೇಲೆ ಕ್ಲೈಮ್ ತಿರಸ್ಕಾರ ಆಗುವುದಕ್ಕಿಂತ ಅದು ಎಷ್ಟೋ ವಾಸಿ.

ಹಿಂದೆ ಕೂರುವವರಿಗೆ ಕಷ್ಟ ಆಗಲ್ವಾ?

ಈ ಪ್ರಶ್ನೆ ಕೇಳುವವರು ಕಡಿಮೆ, ಕೇಳಿದರೆ ನನಗೆ ಖುಷಿ ಆಗುತ್ತದೆ. ಇವು ಹಿಂದಿನ ಸೀಟಿಗೆ ಅಂತಲೇ ಮಾಡಿದ ಕಾರುಗಳು. 35 ಮಿ.ಮೀ. ಸ್ಪ್ರಿಂಗ್ ಇದ್ದಾಗ ಅಮ್ಮ ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಮುಂದಿನ ಸೀಟ್ ಹಿಡಿದುಕೊಳ್ಳುತ್ತಿದ್ದರು, ಏನೂ ಹೇಳುತ್ತಿರಲಿಲ್ಲ. ಈಗ ಕಾಯ್ಲೋವರ್ ಗಟ್ಟಿತನವನ್ನು ಹಿಂದೆ ಎರಡು ಕ್ಲಿಕ್ ಕಡಿಮೆ ಇಟ್ಟಿದ್ದೇನೆ, ಟೈರ್ ಗಾಳಿಯನ್ನು ಬಾಗಿಲ ಪಟ್ಟಿಯ ಸ್ಟಿಕ್ಕರಿನಲ್ಲಿ ಹೇಳಿದಷ್ಟೇ ಹಾಕುತ್ತೇನೆ. ಹೋದ ಸಲ ಮಂಡ್ಯ ಬರುವಷ್ಟರಲ್ಲಿ ನಿದ್ದೆ ಮಾಡಿದ್ದರು. ಸೆಟ್ಟಿಂಗ್ ಮಾಡುವಾಗ ಒಬ್ಬರನ್ನು ಹಿಂದೆ ಕೂರಿಸಿ ಮಾಡಿ, ಅಥವಾ ಗೆಳೆಯನ ಕೈಗೆ ಸ್ಟೀರಿಂಗ್ ಕೊಟ್ಟು ನೀವೇ ಹಿಂದೆ ಕೂತು ಊರವರೆಗೆ ಹೋಗಿ ಬನ್ನಿ.

ತೆಗೆದ ಹಳೆಯ ಸಾಮಾನು ಏನು ಮಾಡಲಿ? ಗ್ಯಾರೇಜಿನವರು ಇಟ್ಟುಕೊಳ್ತೀವಿ ಅಂತಾರೆ.

ಕೊಡಬೇಡಿ. ಸ್ಪ್ರಿಂಗ್, ಶಾಕ್, ಬೋಲ್ಟ್, ರಿಮ್ ಎಲ್ಲ ಮನೆಗೆ ತನ್ನಿ. ಎಡ, ಬಲ, ಮುಂದೆ, ಹಿಂದೆ ಅಂತ ಮಾರ್ಕರಿನಲ್ಲಿ ಬರೆದು, ಬೋಲ್ಟುಗಳನ್ನು ಡಬ್ಬಿಗೆ ಹಾಕಿ ತೆಗೆದ ದಿನದ ಕಿ.ಮೀ. ಬರೆದಿಡಿ. ಶಾಕ್ ಅಡ್ಡ ಮಲಗಿಸಬೇಡಿ, ನಿಲ್ಲಿಸಿಡಿ. ಮಾರುವಾಗ ತಗೊಳ್ಳುವವರು ಮೊದಲು ಕೇಳುವುದೇ ಒರಿಜಿನಲ್ ಇದೆಯಾ ಅಂತ. ನನ್ನದು ಊರ ಮನೆ ಅಟ್ಟದ ಮೇಲೆ, ಗೋಣಿಚೀಲದಲ್ಲಿ ಕಟ್ಟಿ, ಬತ್ತದ ಕಣಜದ ಪಕ್ಕದಲ್ಲಿ ಇದೆ.